ಭೂಮಿಗೆ ರಜೆ, ಹೆಣ್ಣಿಗೆ ಗುಡ್ಲು

ಚಿಕ್ಕವಳಿದ್ದಾಗ ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೋದರೆ, ತಿಂಗಳಲ್ಲಿ ಮೂರು ದಿನ ಚಿಕ್ಕಮ್ಮ ಹಿತ್ತಲ ಜಗಲಿಯಲ್ಲಿ ಕೂತಿರುತ್ತಿದ್ದರು. ಒಂದು ಚಾಪೆ, ಒಂದು ತಟ್ಟೆ, ಒಂದು ಚೊಂಬು. ಅಜ್ಜಿ ದೂರ ನಿಂತು, ಸೌಟು ತಟ್ಟೆಗೆ ತಾಗದ ಹಾಗೆ ಮೇಲಿನಿಂದ ಸಾರು ಸುರಿಯುತ್ತಿದ್ದರು. ಬಿಸಿ ಸಾರು ಚಿಕ್ಕಮ್ಮನ ಕೈಗೂ ಸಿಡಿಯುತ್ತಿತ್ತು. ಯಾಕಜ್ಜಿ ಅಂದರೆ, "ಕಾಗೆ ಮುಟ್ಟಿದೆ, ಹತ್ತಿರ ಹೋಗ್ಬೇಡ" ಅನ್ನುತ್ತಿದ್ದರು. ಎಷ್ಟೋ ದಿನ ನಾನು ನುಗ್ಗೆಮರದ ಕಾಗೆಗಳನ್ನು ಕಂಡರೆ ಹೆದರುತ್ತಿದ್ದೆ.

ಕನ್ನಡದಲ್ಲಿ ಇದಕ್ಕಿರುವ ಮಾತುಗಳನ್ನೇ ನೋಡಿ. ಮುಟ್ಟು, ಮೈಲಿಗೆ, ಹೊರಗಾದಳು, ದೂರ ಕೂತಿದ್ದಾಳೆ. ಒಂದರಲ್ಲೂ ನೋವಿನ ಸುದ್ದಿ ಇಲ್ಲ. ಅವಳು ಎಲ್ಲಿರಬೇಕು, ಏನನ್ನು ಮುಟ್ಟಬಾರದು ಅನ್ನುವುದಷ್ಟೇ ಇದೆ.

ಈ ಮೂರು ದಿನದ ಲೆಕ್ಕ ಬಹಳ ಹಳೆಯದು. ತೈತ್ತಿರೀಯ ಸಂಹಿತೆಯಲ್ಲಿ ಒಂದು ಕತೆ ಬರುತ್ತದೆ. ಇಂದ್ರ ತ್ವಷ್ಟೃವಿನ ಮಗ ವಿಶ್ವರೂಪನನ್ನು ಕೊಲ್ಲುತ್ತಾನೆ. ಬ್ರಹ್ಮಹತ್ಯೆಯ ಪಾಪ ತಲೆಗೆ ಬರುತ್ತದೆ. ಅದನ್ನು ಮೂರು ಪಾಲು ಮಾಡಿ ಭೂಮಿಗೆ, ಮರಗಳಿಗೆ, ಹೆಂಗಸರಿಗೆ ಹಂಚುತ್ತಾನೆ. ಪಾಲು ಹೊತ್ತವರಿಗೆಲ್ಲ ಒಂದೊಂದು ವರ. ಅಗೆದ ನೆಲ ಮತ್ತೆ ತುಂಬಿಕೊಳ್ಳಲಿ, ಕಡಿದ ಮರ ಮತ್ತೆ ಚಿಗುರಲಿ, ಹೆಣ್ಣಿಗೆ ಮಕ್ಕಳಾಗಲಿ. ಹೆಂಗಸರ ಪಾಲಿನ ಪಾಪವೇ ಮುಟ್ಟಾಯಿತಂತೆ. ಆಮೇಲೆ ನಿಯಮಗಳು ಶುರುವಾಗುತ್ತವೆ. ಆ ಮೂರು ರಾತ್ರಿ ತಲೆ ಬಾಚಿಕೊಂಡರೆ ಹುಟ್ಟುವ ಮಗು ಬೋಳು, ಕಾಡಿಗೆ ಹಚ್ಚಿಕೊಂಡರೆ ಒಕ್ಕಣ್ಣು. ನೀರು ಕುಡಿಯುವುದೂ ಬೊಗಸೆಯಲ್ಲಿ, ಇಲ್ಲವೇ ಮುಕ್ಕಾಗದ ಪಾತ್ರೆಯಲ್ಲಿ.

ಹೆಣ್ಣಿಗೆ ವಿಶ್ರಾಂತಿ ಸಿಗಲಿ ಅಂತ ಹಿರಿಯರು ಹೀಗೆ ಮಾಡಿದರು ಎಂದು ಈಗ ತುಂಬಾ ಜನ ಹೇಳುತ್ತಾರೆ. ಈ ಕತೆಯಲ್ಲಿ ವಿಶ್ರಾಂತಿಯ ಮಾತೇ ಇಲ್ಲ. ಇರುವುದು ಬೇರೆ ಯಾರೋ ಮಾಡಿದ ಕೊಲೆಯ ಪಾಪ.

ಇದನ್ನು ಒಪ್ಪದವರು ನಮ್ಮಲ್ಲೇ ಇದ್ದರು. 12ನೇ ಶತಮಾನದ ಶರಣರು ಪಂಚಸೂತಕಗಳನ್ನೇ ತಳ್ಳಿಹಾಕಿದರು. ಹುಟ್ಟಿನ ಸೂತಕ, ಸಾವಿನ ಸೂತಕ, ಜಾತಿ ಸೂತಕ, ಎಂಜಲು ಸೂತಕ, ಅವುಗಳ ಜೊತೆಗೆ ರಜಸ್ಸಿನ ಸೂತಕ. ಇಷ್ಟಲಿಂಗ ಮೈಮೇಲೇ ಇರುವಾಗ ದೇವರಿಂದ ದೂರ ಕೂರುವುದಾದರೂ ಹೇಗೆ, ಅಲ್ವಾ? ತಿಂಗಳ ಮೂವತ್ತು ದಿನವೂ ಪೂಜೆ ಮಾಡುವ ಹಕ್ಕು ಹೆಣ್ಣಿಗೆ ಸಿಕ್ಕಿತು. ಒಂಬತ್ತು ಶತಮಾನ ಕಳೆದರೂ, ಅವರ ಹೆಸರು ಹೇಳುವ ಎಷ್ಟೋ ಮನೆಗಳಲ್ಲಿ ಮುಟ್ಟಿನ ಮೈಲಿಗೆ ಮಾತ್ರ ಹಾಗೇ ನಡೆಯುತ್ತಿದೆ. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಡುವ ಸಂಗತಿ.

ವಿಶ್ರಾಂತಿ ಅಂದರೆ ಏನು ಅಂತ ನೋಡಬೇಕಾದರೆ ತುಳುನಾಡಿಗೆ ಹೋಗಬೇಕು. ಅಲ್ಲಿ ಫೆಬ್ರವರಿ ಹೊತ್ತಿಗೆ, ಪೊನ್ನಿ ತಿಂಗಳ ಕೊನೆಯಲ್ಲಿ ಕೆಡ್ಡಸ ಬರುತ್ತದೆ. ಭೂಮಿತಾಯಿ ಮುಟ್ಟಾಗುವ ಮೂರು ದಿನ. ಆ ದಿನಗಳಲ್ಲಿ ಉಳುವಂತಿಲ್ಲ, ಅಗೆಯುವಂತಿಲ್ಲ. ಹಾರೆ, ಗುದ್ದಲಿ ಮೂಲೆ ಸೇರುತ್ತವೆ. ನೆಲಕ್ಕೆ ನೋವಾಗಬಾರದು ಅಂತ. ಅಕ್ಕಿ, ಹುರುಳಿ ಹುರಿದು ಕುಡುಅರಿ ಮಾಡುತ್ತಾರೆ. ಕೊನೆಯ ದಿನ ಹೆಂಗಸರು ಅಂಗಳ ಗುಡಿಸಿ, ನೆಲಕ್ಕೆ ಎಣ್ಣೆ ಬಿಡುತ್ತಾರೆ. ಪಕ್ಕದಲ್ಲಿ ಸೀಗೆಪುಡಿ, ಅರಿಸಿನ, ಕುಂಕುಮ ಇಡುತ್ತಾರೆ. ಹೆತ್ತ ಮಗಳಿಗೆ ಎಣ್ಣೆನೀರು ಹಾಕಿದಷ್ಟೇ ಅಕ್ಕರೆ. ಒಡಿಶಾದಲ್ಲೂ ಜೂನ್ ತಿಂಗಳಲ್ಲಿ ರಜ ಹಬ್ಬ ಅಂತ ಹೀಗೇ ಭೂಮಿಗೆ ಬಿಡುವು ಕೊಡುತ್ತಾರೆ. ಮುಟ್ಟಾದ ಭೂಮಿಯನ್ನು ಯಾರೂ ಊರಾಚೆ ಕಳಿಸುವುದಿಲ್ಲ.

ಹೆಣ್ಣುಮಗು ಮೈನೆರೆದಾಗ ನಾವೂ ಸಂಭ್ರಮ ಪಡುತ್ತೇವೆ. ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕುತ್ತಾನೆ. ಆರತಿ ಎತ್ತುತ್ತಾರೆ, ಚಿಗಳಿ ಉಂಡೆ, ಕೊಬ್ಬರಿ ತಿನ್ನಿಸುತ್ತಾರೆ. ಮುಂದಿನ ತಿಂಗಳು ಅದೇ ಹುಡುಗಿಗೆ ಹಿತ್ತಲ ಮೂಲೆ.

ತುಮಕೂರು, ಚಿತ್ರದುರ್ಗ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಆ ಮೂಲೆ ಊರಾಚೆಗೆ ಹೋಗಿದೆ. ಇವರು ಕುರಿ, ಮೇಕೆ ಸಾಕಿಕೊಂಡು ಬಂದವರು. ಜುಂಜಪ್ಪ, ಎತ್ತಪ್ಪ, ಕ್ಯಾತಪ್ಪ ಇವರ ದೇವರುಗಳು. ಅವರಿಗೆ ಗುಡಿಯಷ್ಟೇ ಅಲ್ಲ, ಇಡೀ ಹಟ್ಟಿಯೇ ದೇವರ ಜಾಗ. ಹಾಗಾಗಿ ಮುಟ್ಟಾದವರು, ಬಾಣಂತಿಯರು ಹಟ್ಟಿಯ ಹೊರಗಿರಬೇಕು. ಮರದಡಿ, ಗುಡಿಸಲಲ್ಲಿ, ಕೆಲವೊಮ್ಮೆ ಬರೀ ಪ್ಲಾಸ್ಟಿಕ್ ಹೊದಿಸಿದ ಡೇರೆಯಲ್ಲಿ. ಹಗಲು ಕೂಲಿಗೆ ಹೋಗಲು ಮಾತ್ರ ಅಡ್ಡಿ ಇಲ್ಲ. ಹೊಲಕ್ಕೆ ಸೂತಕ ಇಲ್ಲವಲ್ಲ.

2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯ ಹೊರಗೆ ಇಂಥ ಗುಡಿಸಲಲ್ಲಿ ಬಾಣಂತಿಯ ಜೊತೆಗಿದ್ದ ಹಸುಗೂಸು ಮಳೆ, ಚಳಿಗೆ ಸಿಕ್ಕಿ ತೀರಿಕೊಂಡಿತು. ಆಗ ಕಾನೂನು ಇರಲಿಲ್ಲ ಅಂತ ಹೇಳುವ ಹಾಗಿಲ್ಲ. ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರದ ವಿರುದ್ಧ ರಾಜ್ಯ 2017ರಲ್ಲೇ ಕಾಯ್ದೆ ಮಾಡಿತ್ತು. 2020ರಲ್ಲಿ ಅದು ಜಾರಿಗೂ ಬಂತು. ಮುಟ್ಟಾದವರನ್ನು, ಗರ್ಭಿಣಿಯರನ್ನು ಊರಿನಿಂದ ದೂರ ಇಡುವುದು ಅದರಲ್ಲಿ ಅಪರಾಧ.

ಸರ್ಕಾರವೇ ಇನ್ನೊಂದು ಕಡೆ, ಹಟ್ಟಿಗಳ ಪಕ್ಕ ಈ ಹೆಂಗಸರಿಗಾಗಿ ಕೃಷ್ಣ ಕುಟೀರಗಳನ್ನು ಕಟ್ಟಿಸಿದೆ. ಬಯಲಿಗಿಂತ ಸಿಮೆಂಟಿನ ಸೂರು ಎಷ್ಟೋ ಮೇಲು, ಒಪ್ಪುತ್ತೇನೆ. ಮಳೆಯಲ್ಲಿ ನೆನೆಯುವ ಬಾಣಂತಿಗೆ ಮೊದಲು ಸೂರು ಬೇಕು. ಆದರೆ ಕಾನೂನು ಬೇಡ ಅಂದಿದ್ದಕ್ಕೆ ಸರ್ಕಾರದ ದುಡ್ಡಲ್ಲೇ ಗೋಡೆ ಎದ್ದಂತಾಯಿತು.

ಹಟ್ಟಿಯವರನ್ನು ಬೈದು ನಾವು ಪಟ್ಟಣದವರು ಪಾರಾಗುವ ಹಾಗಿಲ್ಲ. ನಮ್ಮ ಮನೆಗಳಲ್ಲಿ ಜಗಲಿ ಇಲ್ಲ, ಹಿತ್ತಲಿಲ್ಲ. ಅದಕ್ಕೆ ಮುಟ್ಟನ್ನೇ ಮುಂದೂಡುತ್ತೇವೆ. ವರಮಹಾಲಕ್ಷ್ಮಿ ಹಬ್ಬ ಬಂತೆಂದರೆ ಕ್ಯಾಲೆಂಡರ್ ನೋಡಿ, ಮೆಡಿಕಲ್ ಶಾಪಿನಲ್ಲಿ ಮೆಲುದನಿಯಲ್ಲಿ ಮಾತ್ರೆ ಕೇಳುತ್ತೇವೆ. ಅದು ಹಾರ್ಮೋನಿನ ಮಾತ್ರೆ, ನಾರೆಥಿಸ್ಟೆರೋನ್. ಮುಟ್ಟು ಬರುವ ಮೂರು ದಿನ ಮೊದಲೇ ಶುರು ಮಾಡಬೇಕು. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರು ತಗೊಳ್ಳಲೇಬಾರದು. ಡಾಕ್ಟರನ್ನು ಕೇಳದೆ ನುಂಗುವವರೇ ಜಾಸ್ತಿ. ಒಂದು ವರ್ಷ ನಾನೂ ನುಂಗಿದ್ದೇನೆ.

2025ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಸಚಿವ ಸಂಪುಟ ಕೆಲಸಕ್ಕೆ ಹೋಗುವ ಹೆಂಗಸರಿಗೆ ತಿಂಗಳಿಗೆ ಒಂದು ದಿನದಂತೆ, ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಆ ಸುದ್ದಿಯನ್ನು ಫೋನಿನಲ್ಲಿ ಚಿಕ್ಕಮ್ಮನಿಗೆ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, "ಆ ದಿನ ಒಳಗೆ ಮಂಚದ ಮೇಲೇ ಮಲಗಬಹುದೇನೇ?"