ಬಲೆಯ ಎರಡು ಕಣ್ಣು, ನಡುವೆ ಒಂದು ಸೋಲಾರ್ ಪ್ಯಾನೆಲ್

ಕೋಳಿಮರಿಗಳ ಒಂದು ಶೆಡ್ಡು. ಮರಿಗಳು ಬೆಚ್ಚಗಿರಲೆಂದು ಹಗಲೂ ರಾತ್ರಿ ಉರಿಯುವ ಒಂದು ಬಲ್ಬು, 12 ವೋಲ್ಟಿನ ಒಂದು ಬ್ಯಾಟರಿ, ಸೂರಿನ ಮೇಲೆ ಒಂದು ಸೋಲಾರ್ ಪ್ಯಾನೆಲ್. ಮೂರನ್ನೂ ಎರಡು ತಂತಿಗಳ ನಡುವೆ ಜೋಡಿಸಿದೆ. ರಾತ್ರಿ ಬಲ್ಬು ಉರಿಯುವುದು ಬ್ಯಾಟರಿಯಿಂದ. ನಡುಹಗಲಲ್ಲಿ ಪ್ಯಾನೆಲ್ ಬಲ್ಬನ್ನೂ ಉರಿಸಿ ಬ್ಯಾಟರಿಯನ್ನೂ ಚಾರ್ಜ್ ಮಾಡುತ್ತದೆ. ಅಂದರೆ ಬೆಳಗಿನ ಯಾವುದೋ ಗಳಿಗೆಯಲ್ಲಿ ಬ್ಯಾಟರಿಯಿಂದ ಹೊರಬರುತ್ತಿದ್ದ ಕರೆಂಟ್ ನಿಂತು, ಒಳಕ್ಕೆ ತಿರುಗಲೇಬೇಕು. ಪ್ಯಾನೆಲ್ ಎಷ್ಟು ಆಂಪಿಯರ್ ಕೊಟ್ಟಾಗ ಹಾಗಾಗುತ್ತದೆ?

ಕಾಗದದ ಮೇಲೆ ಬರೆದು ನೋಡೋಣ. ಎಡಕ್ಕೆ ಬ್ಯಾಟರಿ, ಅದರ ತಂತಿಯ ರೋಧ 1 ಓಮ್. ನಡುವೆ ಪ್ಯಾನೆಲ್. ಬಲಕ್ಕೆ ಬಲ್ಬು, ಅದರ ರೋಧ 5 ಓಮ್ ಎಂದೇ ಇಟ್ಟುಕೊಳ್ಳೋಣ. ಚಿತ್ರ ಮೀನಿನ ಬಲೆಯ ಎರಡು ಕಣ್ಣುಗಳ ಹಾಗೆ ಕಾಣುತ್ತದೆ. ವಿದ್ಯುತ್ ಜಾಲದ ಲೆಕ್ಕದಲ್ಲಿ ಮೆಶ್ ಎನ್ನುವುದು ಇಂಥ ಕಣ್ಣನ್ನೇ: ಒಳಗೆ ಇನ್ನೊಂದು ತಂತಿ ಹಾಯದ, ಖಾಲಿ ಕಣ್ಣು.

ಇಂಥ ಜಾಲಗಳನ್ನು ಬಿಡಿಸುವ ಎರಡು ನಿಯಮಗಳನ್ನು 1845ರಲ್ಲಿ ಕೊಟ್ಟವನು ಗುಸ್ತಾವ್ ಕಿರ್ಕಾಫ್. ಆಗಿನ್ನೂ ಕೋನಿಗ್ಸ್‌ಬರ್ಗ್ ವಿಶ್ವವಿದ್ಯಾಲಯದ ವಿದ್ಯಾರ್ಥಿ, ವಯಸ್ಸು 21. (ಏಳು ಸೇತುವೆಗಳನ್ನು ಒಂದೊಂದೇ ಸಲ ದಾಟಿ ಊರು ಸುತ್ತಬಹುದೇ ಎಂಬ ಪ್ರಶ್ನೆ ಹುಟ್ಟಿದ್ದೂ ಅದೇ ಊರಿನಲ್ಲಿ. ಜಾಲಗಳ ಗಣಿತಕ್ಕೆ ಆ ಊರಿನ ಋಣ ಇದೆ.) ಒಂದು ಸಂಧಿಗೆ ಬಂದಷ್ಟು ಕರೆಂಟ್ ಅಲ್ಲಿಂದ ಹೊರಡಲೇಬೇಕು, ಯಾವ ಸುತ್ತನ್ನಾದರೂ ಹಾಕಿ ಹೊರಟಲ್ಲಿಗೇ ಬಂದರೆ ವೋಲ್ಟೇಜಿನ ಏರಿಳಿತ ಸೊನ್ನೆಯಾಗಲೇಬೇಕು. ಇಷ್ಟೇ ನಿಯಮ.

ಒಂದೊಂದು ತಂತಿಗೂ ಒಂದೊಂದು ಅಜ್ಞಾತ ಕರೆಂಟ್ ಬರೆಯುತ್ತ ಹೋದರೆ ಸಮೀಕರಣಗಳು ರಾಶಿ ಬೀಳುತ್ತವೆ. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಕಂಡುಕೊಂಡ ದಾರಿ ನನಗೆ ಬಹಳ ಇಷ್ಟ. ಪ್ರತಿ ಕಣ್ಣಿನೊಳಗೂ ಒಂದು ಕರೆಂಟ್ ಗಾಣದ ಎತ್ತಿನಂತೆ ಸುತ್ತುತ್ತಿದೆ ಎಂದುಕೊಳ್ಳಿ. ಸುತ್ತುವ ಕರೆಂಟ್ ಸಂಧಿಗೆ ಬಂದರೆ ಅಲ್ಲಿಂದ ಹೊರಟೇ ಹೊರಡುತ್ತದೆ. ಹಾಗಾಗಿ ಮೊದಲನೇ ನಿಯಮ ತಾನಾಗಿಯೇ ಪಾಲನೆಯಾಗಿಬಿಡುತ್ತದೆ. ಉಳಿಯುವುದು ಕಣ್ಣಿಗೊಂದು ವೋಲ್ಟೇಜ್ ಸಮೀಕರಣ ಮಾತ್ರ. ಎರಡು ಕಣ್ಣಿಗೂ ಸೇರಿದ ತಂತಿಯಲ್ಲಿ ಹರಿಯುವುದು ಎರಡು ಕರೆಂಟುಗಳ ವ್ಯತ್ಯಾಸ. ತಂತಿಯ ಮೇಲೆ ತಂತಿ ಹಾಯದಂತೆ ಬಿಡಿಸಲಾಗುವ ಜಾಲಗಳಿಗಷ್ಟೇ ಈ ವಿಧಾನ ಒಗ್ಗುತ್ತದೆ.

ಎಡಗಣ್ಣಿನ ಕರೆಂಟ್ 'ಅ', ಬಲಗಣ್ಣಿನದು 'ಬ'. ಎರಡೂ ಗಡಿಯಾರದ ಮುಳ್ಳಿನ ದಿಕ್ಕಿಗೆ. ಈಗ ಎಡಗಣ್ಣಿನ ಸುತ್ತು ಶುರುಮಾಡಿ. ಬ್ಯಾಟರಿಯಲ್ಲಿ 12 ವೋಲ್ಟ್ ಏರಿದೆವು, ತಂತಿಯಲ್ಲಿ ಒಂದಿಷ್ಟು ಇಳಿದೆವು, ಪ್ಯಾನೆಲ್ಲಿಗೆ ಬಂದೆವು. ಅಲ್ಲಿ ಎಷ್ಟು ವೋಲ್ಟ್?

ಗೊತ್ತಿಲ್ಲ. ಪ್ಯಾನೆಲ್ಲಿನ ಸ್ವಭಾವವೇ ಹಾಗೆ. ತನ್ನ ಮಿತಿಯೊಳಗೆ ಅದು ಹೆಚ್ಚುಕಡಿಮೆ ಕರೆಂಟಿನ ಮೂಲ: ಎಷ್ಟು ಆಂಪಿಯರ್ ಎಂಬುದನ್ನು ಬಿಸಿಲು ನಿರ್ಧರಿಸುತ್ತದೆ, ವೋಲ್ಟೇಜನ್ನು ಸುತ್ತಲಿನ ಜಾಲ ನಿರ್ಧರಿಸುತ್ತದೆ. ಓಮನ ನಿಯಮ (ವೋಲ್ಟೇಜ್ = ಕರೆಂಟ್ × ರೋಧ) ಇಲ್ಲಿ ಕೈಕೊಡುತ್ತದೆ. ಎಷ್ಟೋ ವಿದ್ಯಾರ್ಥಿಗಳು ಗೊತ್ತಿಲ್ಲದ ಆ ವೋಲ್ಟೇಜನ್ನು ಸೊನ್ನೆ ಎಂದು ಬರೆದುಬಿಡುತ್ತಾರೆ. ಹಾಗೆ ಬರೆದರೆ ಪ್ಯಾನೆಲ್ ಇದ್ದ ಜಾಗದಲ್ಲಿ ಬರಿಯ ತಂತಿ ಕಟ್ಟಿದಂತೆ, ಲೆಕ್ಕವೇ ಶಾರ್ಟ್ ಸರ್ಕ್ಯೂಟ್.

ಇಲ್ಲಿ ನೆರವಿಗೆ ಬರುವ ವಿಧಾನದ ಹೆಸರು ಸೂಪರ್‌ಮೆಶ್. ಆ ದೊಡ್ಡ ಹೆಸರಿನ ಹಿಂದಿರುವುದು ಸರಳ ವಿವೇಕ: ಆ ದಾರಿಯಲ್ಲಿ ಹೋಗಲೇಬೇಡಿ. ಎರಡು ಕಣ್ಣುಗಳನ್ನು ಕೂಡಿಸಿ ಹೊರಅಂಚಿನಲ್ಲೇ ಒಂದು ದೊಡ್ಡ ಸುತ್ತು ಹಾಕಿ. ಕಿರ್ಕಾಫ್ ಹೇಳಿದ್ದು ಯಾವ ಸುತ್ತಿಗಾದರೂ ಸರಿ ಎಂದು ತಾನೆ? ಇದು ಹೊಸ ಸೂತ್ರವೇನಲ್ಲ, ಬಾಯಿಪಾಠ ಮಾಡಬೇಕಾದದ್ದೂ ಅಲ್ಲ.

ಈ ಸುತ್ತಿನಲ್ಲಿ ತಂತಿಯ 1 ಓಮ್‌ನಲ್ಲಿ 'ಅ'ದಷ್ಟು, ಬಲ್ಬಿನ 5 ಓಮ್‌ನಲ್ಲಿ 'ಬ'ದ ಐದರಷ್ಟು ವೋಲ್ಟ್ ಇಳಿಯುತ್ತೇವೆ. ಎರಡೂ ಸೇರಿ ಬ್ಯಾಟರಿಯ 12ಕ್ಕೆ ಸಮ.

ಅ + 5ಬ = 12

ಅಜ್ಞಾತ ಎರಡು, ಸಮೀಕರಣ ಒಂದೇ. ಇನ್ನೊಂದನ್ನು ನಾವು ಬಿಟ್ಟುಬಂದ ಪ್ಯಾನೆಲ್ಲೇ ಕೊಡುತ್ತದೆ. ನಡುವಿನ ಆ ತಂತಿಯಲ್ಲಿ 'ಬ' ಮೇಲಕ್ಕೆ, 'ಅ' ಕೆಳಕ್ಕೆ ಹರಿಯುತ್ತವೆ. ಪ್ಯಾನೆಲ್ ಕರೆಂಟನ್ನು ಮೇಲಕ್ಕೆ ತಳ್ಳುತ್ತದೆ.

ಬ − ಅ = ಪ್ಯಾನೆಲ್ಲಿನ ಕರೆಂಟ್

(ಕರೆಂಟಿನ ಮೂಲ ಎರಡು ಕಣ್ಣುಗಳ ನಡುವೆ ಇರದೆ ಹೊರಅಂಚಿನಲ್ಲಿದ್ದರೆ ಇಷ್ಟೂ ಬೇಡ, ಆ ಕಣ್ಣಿನ ಕರೆಂಟ್ ನೇರವಾಗಿ ಗೊತ್ತಾದಂತೆಯೇ.)

ರಾತ್ರಿ ಪ್ಯಾನೆಲ್ಲಿನದು ಸೊನ್ನೆ. ಅ, ಬ ಎರಡೂ 2 ಆಂಪಿಯರ್. ಬಿಸಿಲೇರಿ 1.2 ಆಂಪಿಯರ್ ಬಂತೆನ್ನಿ: ಬ್ಯಾಟರಿ 1 ಆಂಪಿಯರಿಗೆ ಇಳಿಯುತ್ತದೆ, ಬಲ್ಬಿಗೆ 2.2. ಪ್ಯಾನೆಲ್ 2.4 ಮುಟ್ಟಿದಾಗ 'ಅ' ಸೊನ್ನೆ. ನಾವು ಹುಡುಕುತ್ತಿದ್ದ ಗಳಿಗೆ ಇದು. ಬ್ಯಾಟರಿ ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ.

ಮಧ್ಯಾಹ್ನ ಪ್ಯಾನೆಲ್ಲಿನಿಂದ 6 ಆಂಪಿಯರ್. ಈಗ 'ಅ' −3, 'ಬ' 3. ಋಣಚಿಹ್ನೆ ಕಂಡೊಡನೆ ಲೆಕ್ಕ ತಪ್ಪಿತೆಂದು ಹೊಡೆದುಹಾಕಬೇಡಿ. ನಾವು ಊಹಿಸಿದ ದಿಕ್ಕಿಗೆ ಎದುರಾಗಿ ಕರೆಂಟ್ ಹರಿಯುತ್ತಿದೆ, ಬ್ಯಾಟರಿ ಚಾರ್ಜ್ ಆಗುತ್ತಿದೆ ಎಂದು ಅದು ಹೇಳುತ್ತಿದೆ.

ಆಗ ಬಿಟ್ಟುಬಂದ ವೋಲ್ಟೇಜನ್ನು ಈಗ ಕೇಳಬಹುದು. ಬಲ್ಬಿನ ಕಡೆಯಿಂದ ಬಂದರೆ 5 ಓಮ್‌ನಲ್ಲಿ 3 ಆಂಪಿಯರ್, 15 ವೋಲ್ಟ್. ಬ್ಯಾಟರಿಯ ಕಡೆಯಿಂದ ಬಂದರೆ 12ಕ್ಕೆ ತಂತಿಯ 3 ಸೇರಿ, ಅಲ್ಲೂ 15.