ಹಳೆಯ ಮಾರುತಿ 800ರ ಎಂಜಿನ್ ಮೌಂಟಿಂಗ್: ಗಟ್ಟಿ ರಬ್ಬರ್ ಹಾಕಿದರೆ ನಡುಕ ನಿಲ್ಲುವುದೇ?

ಪ್ರಶ್ನೆ: ನನ್ನ ಬಳಿ 2004ರ ಮಾರುತಿ 800 ಇದೆ. ಸಿಗ್ನಲ್‌ನಲ್ಲಿ ನಿಂತಾಗ ಸ್ಟೇರಿಂಗ್, ಸೀಟು ಎರಡೂ ನಡುಗುತ್ತವೆ. ಎಂಜಿನ್ ಮೌಂಟಿಂಗ್‌ಗಳನ್ನು (ಎಂಜಿನ್ನನ್ನು ಕಾರಿನ ಮೇಲೆ ಕೂರಿಸುವ ರಬ್ಬರಿನ ಆಧಾರಗಳು) ಮನೆಯಲ್ಲೇ ಬದಲಿಸಬಹುದೇ? ಗಟ್ಟಿ ರಬ್ಬರಿನದನ್ನು ಹಾಕಿದರೆ ನಡುಕ ಪೂರ್ತಿ ನಿಲ್ಲುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ: ಮನೆಯಲ್ಲೇ ಬದಲಿಸಬಹುದು, ಪಾನಾ ಹಿಡಿದು ಅಭ್ಯಾಸವಿದ್ದವರಿಗೆ ಅದು ಕಷ್ಟದ ಕೆಲಸವಲ್ಲ. ಗಟ್ಟಿ ರಬ್ಬರಿನ ವಿಷಯದಲ್ಲಿ ಮಾತ್ರ ‘ಬೇಡ’ ಎಂದು ಎಷ್ಟು ಸಲ ಬರೆದರೂ ಅದೇ ಪ್ರಶ್ನೆ ಮರಳಿ ಬರುತ್ತಿರುವುದರಿಂದ, ಈ ಸಲ ಲೆಕ್ಕ ಸಮೇತ ವಿವರಿಸುತ್ತೇನೆ.

ಎಂಜಿನ್ನನ್ನು ಅಲುಗದಂತೆ ಹಿಡಿದಿಡುವುದಷ್ಟೇ ಮೌಂಟಿಂಗ್‌ನ ಕೆಲಸವಾಗಿದ್ದರೆ ರಬ್ಬರೇ ಬೇಕಿರಲಿಲ್ಲ, ಕಬ್ಬಿಣದ ಬೋಲ್ಟ್‌ಗಳು ಸಾಕಾಗುತ್ತಿದ್ದವು. ಎಂಜಿನ್ ತನ್ನ ಜಾಗದಲ್ಲಿ ಸ್ವಲ್ಪ ಅಲುಗಲು ಬಿಟ್ಟು, ಆ ಅಲುಗಾಟ ಕಾರಿನ ಬಾಡಿಯೊಳಕ್ಕೆ ದಾಟದಂತೆ ತಡೆಯುವುದಕ್ಕೇ ರಬ್ಬರ್ ಇರುವುದು. 800ರ 796 ಸಿಸಿ ಎಂಜಿನ್ನಿಗೆ ಮೂರು ಸಿಲಿಂಡರ್‌ಗಳಿದ್ದು, ಕ್ರ್ಯಾಂಕ್ (ಎಂಜಿನ್ನಿನ ತಿರುಗುವ ಮುಖ್ಯ ದಂಡ) ಎರಡು ಸುತ್ತು ತಿರುಗುವಷ್ಟರಲ್ಲಿ ಮೂರು ಸಲ ಪೆಟ್ರೋಲ್ ಉರಿಯುತ್ತದೆ. ಐಡ್ಲಿಂಗ್‌ನಲ್ಲಿ (ಕಾರು ನಿಂತು ಎಂಜಿನ್ ಮಾತ್ರ ಓಡುತ್ತಿರುವಾಗ) ನಿಮಿಷಕ್ಕೆ 900 ಸುತ್ತು ಎಂದಿಟ್ಟುಕೊಂಡರೆ ನಿಮಿಷಕ್ಕೆ 1,350, ಅಂದರೆ ಸೆಕೆಂಡಿಗೆ ಸುಮಾರು 22 ಗುದ್ದುಗಳಾಗುತ್ತವೆ. ಇನ್ನು, ರಬ್ಬರಿನ ಮೇಲೆ ಕುಳಿತ ಯಾವ ಭಾರಕ್ಕೂ ಉಯ್ಯಾಲೆಗಿರುವಂತೆ ತನ್ನದೇ ಒಂದು ತೂಗುವ ಲಯವಿರುತ್ತದೆ. ಗುದ್ದುಗಳ ಲಯ ಈ ಸಹಜ ಲಯದ ಸುಮಾರು 1.4 ಪಟ್ಟನ್ನು ದಾಟಿದಾಗ ಮಾತ್ರ ರಬ್ಬರ್ ನಡುಕವನ್ನು ತಡೆಯತೊಡಗುತ್ತದೆ. ಹಾಗಾಗಿ ಇಲ್ಲಿ ಸಹಜ ಲಯ ಸೆಕೆಂಡಿಗೆ 16ಕ್ಕಿಂತ ಕೆಳಗಿರಬೇಕು. ರಬ್ಬರ್ ಗಟ್ಟಿಯಾದಷ್ಟೂ ಈ ಲಯ ಮೇಲೇರಿ 22ರ ಸಮೀಪಕ್ಕೆ ಬರುತ್ತದೆ. ಆಗ ಉಯ್ಯಾಲೆಯನ್ನು ಹದವರಿತು ತಳ್ಳಿದಂತಾಗಿ ನಡುಕ ಹೆಚ್ಚುತ್ತದೆ.

ಹಾಗಿದ್ದರೆ ಗಟ್ಟಿ ರಬ್ಬರ್ ಹಾಕಿಸಿದ ಮೇಲೆ ಕಾರು ಸುಧಾರಿಸಿತು ಎನ್ನುವವರು ಸುಳ್ಳು ಹೇಳುತ್ತಾರೆಯೇ? ಇಲ್ಲ. ಅವರು ಹೋಲಿಸುತ್ತಿರುವುದು ಪೂರ್ತಿ ಹರಿದ ಹಳೆಯ ಮೌಂಟಿಂಗ್ ಜೊತೆ. ರಬ್ಬರ್ ಹರಿದು ಲೋಹಕ್ಕೆ ಲೋಹ ತಾಗಿದರೆ ಅದಕ್ಕಿಂತ ಗಟ್ಟಿಯಾದ ಮೌಂಟಿಂಗ್ ಬೇರೊಂದಿಲ್ಲ. ಅದರ ಮುಂದೆ ಯಾವ ರಬ್ಬರೂ ಹಿತವೆನಿಸುತ್ತದೆ. ರೇಸಿನ ಕಾರುಗಳಲ್ಲಿ ಗಟ್ಟಿಯದನ್ನು ಬಳಸುವುದು ವೇಗ ಹೆಚ್ಚಿಸುವಾಗ ಎಂಜಿನ್ ವಾಲದಿರಲೆಂದು, ನಡುಕವನ್ನು ಸಹಿಸಿಕೊಂಡು. ಟೈರಿನ ತುಂಡು ಸಿಕ್ಕಿಸುವುದು, ಬಿರುಕಿಗೆ ಸೀಲಂಟ್ ತುಂಬುವುದು ಇವೆಲ್ಲ ಅದೇ ತಪ್ಪಿನ ಬೇರೆ ಬೇರೆ ರೂಪಗಳು.

ಕೆಲಸದ ಕ್ರಮ ಹೀಗಿದೆ. ಮೊದಲು ಪೆಟ್ರೋಲಿಗೆ ಕಿಡಿ ಹಚ್ಚುವ ಸ್ಪಾರ್ಕ್ ಪ್ಲಗ್‌ಗಳನ್ನು ನೋಡಿ. ಒಂದು ಸಿಲಿಂಡರ್ ಸರಿಯಾಗಿ ಉರಿಯದಿದ್ದರೂ ನಡುಕ ಹೀಗೆಯೇ ಇರುತ್ತದೆ. ಸಮತಟ್ಟಾದ ನೆಲದಲ್ಲಿ, ಎಂಜಿನ್ ತಣ್ಣಗಾದ ಮೇಲೆ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಟ್ಟು, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿ. ಜಾಕಿ ಕೊಡಬೇಕಾದ ಆಯಿಲ್ ಸಂಪ್ (ಎಂಜಿನ್ನಿನ ತಳದ ಆಯಿಲ್ ತೊಟ್ಟಿ) ತೆಳು ತಗಡಿನದಾದ್ದರಿಂದ ಜಾಕಿಯ ಮೇಲೆ ಅಗಲವಾದ ಮರದ ಹಲಗೆ ಇಟ್ಟು, ಎಂಜಿನ್ನಿನ ಭಾರವನ್ನಷ್ಟೇ ಹೊರುವಂತೆ ಮೆಲ್ಲನೆ ಏರಿಸಿ. ಕಾರಿನ ಕೆಳಗೆ ಹೋಗಬೇಕಾದರೆ ಬಾಡಿಯ ಅಡಿಗೆ ಸ್ಟ್ಯಾಂಡ್ ಕೊಟ್ಟೇ ಹೋಗಿ. ಜಾಕಿಯೊಂದನ್ನೇ ನಂಬಿ ಎಂದಿಗೂ ಕೆಳಗೆ ಮಲಗಬೇಡಿ. ಒಂದು ಸಲಕ್ಕೆ ಒಂದೇ ಮೌಂಟಿಂಗ್ ಬಿಚ್ಚಿ, ಹೊಸದರ ಬೋಲ್ಟ್‌ಗಳನ್ನೆಲ್ಲ ಬೆರಳಿನಲ್ಲೇ ಹಿಡಿಸಿ, ಜಾಕಿ ಇಳಿಸಿ, ಭಾರ ರಬ್ಬರಿನ ಮೇಲೆ ಕುಳಿತ ನಂತರವೇ ಪೂರ್ತಿ ಬಿಗಿಯಿರಿ. ಮೊದಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ.

ಬಿಚ್ಚಿದ ಹಳೆಯ ಮೌಂಟಿಂಗನ್ನು ಗುಜರಿಗೆ ಹಾಕುವ ಮೊದಲು ಒಮ್ಮೆ ಒತ್ತಿ ನೋಡಬೇಕೆಂದು ನನ್ನ ಕೋರಿಕೆ. ಅದು ಒಣಗಿ ಗಟ್ಟಿಯಾಗಿ ಸೀಳಿದ್ದರೆ ಶಾಖ ಮತ್ತು ವಯಸ್ಸು ಕಾರಣ. ಕೊನೆಯ 800 ತಯಾರಾದದ್ದು 2014ರ ಜನವರಿಯಲ್ಲಿ. ಕಂಪನಿಯಿಂದ ಬಂದ ರಬ್ಬರ್ ಇನ್ನೂ ಉಳಿದಿದ್ದರೆ ಅದಕ್ಕೆ ಹತ್ತು ವರ್ಷ ದಾಟಿರುತ್ತದೆ, ಹಾಗಾಗಿ ಉಳಿದವನ್ನೂ ಈಗಲೇ ಬದಲಿಸಿ. ಮೆತ್ತಗಾಗಿ, ಉಬ್ಬಿ, ಕೈಗೆ ಅಂಟುತ್ತಿದ್ದರೆ ಅದು ಆಯಿಲ್ ಕುಡಿದಿದೆ ಎಂದರ್ಥ. ಸಹಜ ರಬ್ಬರಿಗೆ ಖನಿಜ ತೈಲ ಆಗಿಬರುವುದಿಲ್ಲ. ಟ್ಯಾಪೆಟ್ ಕವರ್ ಪ್ಯಾಕಿಂಗ್ (ಎಂಜಿನ್ನಿನ ಮೇಲ್ಮುಚ್ಚಳದ ಸೀಲು) ಸೋರುತ್ತಿದೆಯೇ ನೋಡಿ, ಸೋರುತ್ತಿದ್ದರೆ ಮೊದಲು ಅದನ್ನು ಬದಲಿಸಿ, ಆಮೇಲೆ ಹೊಸ ಮೌಂಟಿಂಗ್ ಕೂರಿಸಿ. ಆ ಜಾಗದ ಜಿಡ್ಡನ್ನು ಪೆಟ್ರೋಲಿನಿಂದಾಗಲಿ ಸೀಮೆಎಣ್ಣೆಯಿಂದಾಗಲಿ ಒರೆಸದೆ ಸೋಪಿನ ನೀರಿನಲ್ಲಿ ತೊಳೆಯಿರಿ, ಏಕೆಂದರೆ ಅವೂ ರಬ್ಬರನ್ನು ಉಬ್ಬಿಸುತ್ತವೆ.