ಇಪ್ಪತ್ತು ಸೆಕೆಂಡಿನ ಲೆಕ್ಕ: ಯುಗೊಸ್ಲಾವಿಯಾದ 250ನೇ ಕ್ಷಿಪಣಿ ಬ್ರಿಗೇಡ್, 1999

1999ರ ಮಾರ್ಚ್ 24ರಂದು ಯುಗೊಸ್ಲಾವಿಯಾದ ಮೇಲೆ ನ್ಯಾಟೋ ಬಾಂಬ್ ದಾಳಿ ಶುರುವಾಯಿತು. 78 ದಿನ ನಡೆಯಿತು. ಬೆಲ್‌ಗ್ರೇಡ್ ಸುತ್ತಲಿನ ಆಕಾಶ ಕಾಯುವ ಹೊಣೆ 250ನೇ ವಾಯು ರಕ್ಷಣಾ ಕ್ಷಿಪಣಿ ಬ್ರಿಗೇಡ್‌ನದು. ಅದರ 3ನೇ ಬೆಟಾಲಿಯನ್‌ಗೆ ಜೋಲ್ಟಾನ್ ಡಾನಿ ಮುಖ್ಯಸ್ಥರು. ಮಾರ್ಚ್ 27ರ ರಾತ್ರಿ ಅವರ ತಂಡ ಅಮೆರಿಕದ ಎಫ್-117 ಸ್ಟೆಲ್ತ್ (ರೇಡಾರ್ ಕಣ್ಣಿಗೆ ಸುಲಭಕ್ಕೆ ಬೀಳದ) ವಿಮಾನವನ್ನು ಬುಜಾನೊವ್ತ್ಸಿ ಹಳ್ಳಿಯ ಹತ್ತಿರ ಕೆಡವಿತು. ಇಷ್ಟನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತೇವೆ. ಹೇಗೆ ಸಾಧ್ಯವಾಯಿತು ಅನ್ನುವಲ್ಲೇ ತೊಡಕು.

ಅವರ ಬಳಿ ಇದ್ದದ್ದು ಎಸ್-125 ನೆವಾ, 1960ರ ದಶಕದ ಸೋವಿಯತ್ ಕ್ಷಿಪಣಿ ವ್ಯವಸ್ಥೆ. ಈ ಕ್ಷಿಪಣಿಗೆ ಸ್ವಂತ ಕಣ್ಣಿಲ್ಲ. ನೆಲದ ಮೇಲಿನ ರೇಡಾರ್ ವಿಮಾನವನ್ನೂ ಕ್ಷಿಪಣಿಯನ್ನೂ ಒಟ್ಟಿಗೆ ನೋಡುತ್ತಾ, ‘ಎಡಕ್ಕೆ ತಿರುಗು, ಮೇಲಕ್ಕೆ ಏರು’ ಎಂದು ರೇಡಿಯೊದಲ್ಲಿ ಹೇಳುತ್ತಲೇ ಇರಬೇಕು. ಅಂದರೆ ಕ್ಷಿಪಣಿ ಗುರಿ ಮುಟ್ಟುವ ತನಕ ರೇಡಾರ್ ಆರಿಸುವಂತಿಲ್ಲ. ಆದರೆ ರೇಡಾರ್ ಉರಿಯುತ್ತಿದ್ದರೆ ಅದರ ಕಿರಣವನ್ನೇ ಹಿಡಿದು ಬರುವ ನ್ಯಾಟೋದ ಹಾರ್ಮ್ ಕ್ಷಿಪಣಿ ನೇರ ತಲೆ ಮೇಲೆ ಬೀಳುತ್ತದೆ. ಇದನ್ನು ದೊಡ್ಡಕ್ಷರದಲ್ಲಿ ಬರೆದಿಟ್ಟುಕೊಳ್ಳಿ, ಉಳಿದದ್ದೆಲ್ಲ ಇಲ್ಲಿಂದಲೇ ಹೊರಡುತ್ತದೆ.

ಡಾನಿ ಇದಕ್ಕೆ ಕಟ್ಟುನಿಟ್ಟಿನ ನಿಯಮ ಮಾಡಿದ್ದರು. ಗುರಿ ಹಿಡಿಯುವ ರೇಡಾರ್ ಒಂದು ಸಲಕ್ಕೆ 20 ಸೆಕೆಂಡಿಗಿಂತ ಜಾಸ್ತಿ ಉರಿಯಕೂಡದು. ಆಮೇಲೆ ಗಂಟುಮೂಟೆ ಕಟ್ಟಿ ಬೇರೆ ಜಾಗಕ್ಕೆ. ಶತ್ರುವನ್ನು ದಾರಿ ತಪ್ಪಿಸಲು ಹಳೆಯ ವಿಮಾನಗಳ ರೇಡಾರ್‌ಗಳನ್ನು ಬೇರೆಡೆ ಹಚ್ಚಿಡುತ್ತಿದ್ದರು.

ಸ್ಟೆಲ್ತ್ ಕಾಣಿಸಿದ್ದು ಹೇಗೆ? ಎಫ್-117ರ ಚೂಪು ಮೂಲೆಗಳ ಆಕಾರವನ್ನು ರೂಪಿಸಿದ್ದು ಸೆಂಟಿಮೀಟರ್ ಅಲೆಗಳ ರೇಡಾರ್‌ಗಳಿಂದ ತಪ್ಪಿಸಿಕೊಳ್ಳಲು. ಬೆಟಾಲಿಯನ್‌ನ ಪಿ-18 ಹುಡುಕಾಟದ ರೇಡಾರ್‌ನ ಅಲೆ ಸುಮಾರು ಎರಡು ಮೀಟರ್ ಉದ್ದ. ಇಷ್ಟು ಉದ್ದದ ಅಲೆಗೆ ಆ ಉಪಾಯ ಅಷ್ಟು ನಾಟುವುದಿಲ್ಲ. ಆದರೆ ಪಿ-18 ‘ಇಲ್ಲೆಲ್ಲೋ ಇದೆ’ ಅನ್ನುತ್ತದೆ ಅಷ್ಟೇ, ಗುರಿಯಿಡುವಷ್ಟು ನಿಖರವಲ್ಲ. ಅದು ತೋರಿಸಿದ ದಿಕ್ಕಿಗೆ ಗುರಿ ಹಿಡಿಯುವ ರೇಡಾರನ್ನು ಆ ಕೆಲವೇ ಸೆಕೆಂಡು ಹಚ್ಚಬೇಕು. ಎರಡೂ ಕೈ ಕೂಡಿಸಿದರೆ ಮಾತ್ರ ಕೆಲಸ. ಜೊತೆಗೆ ನ್ಯಾಟೋ ವಿಮಾನಗಳು ರಾತ್ರಿಯಿಂದ ರಾತ್ರಿಗೆ ಅದೇ ದಾರಿ ಹಿಡಿದಿದ್ದೂ ಅನುಕೂಲವಾಯಿತು. ನನ್ನ ಪ್ರಕಾರ ತಂತ್ರಜ್ಞಾನಕ್ಕಿಂತ ಈ ಅಸಡ್ಡೆಯೇ ದುಬಾರಿಯಾಯಿತು.

ಎರಡು ಕ್ಷಿಪಣಿ ಹಾರಿದವು. ಒಂದು ಪಕ್ಕದಿಂದ ಹಾದು ಹೋಯಿತು, ಇನ್ನೊಂದು ಹತ್ತಿರ ಸಿಡಿದು ವಿಮಾನವನ್ನು ಕೆಡವಿತು. ಪೈಲಟ್ ಡೇಲ್ ಜೆಲ್ಕೊ ಪ್ಯಾರಾಚೂಟ್‌ನಲ್ಲಿ ಇಳಿದರು. ಕೆಲವೇ ತಾಸುಗಳಲ್ಲಿ ಅಮೆರಿಕದ ಹೆಲಿಕಾಪ್ಟರ್‌ಗಳು ಬಂದು ಕರೆದೊಯ್ದವು. ಮೇ 2ರಂದು ಇದೇ ಬ್ರಿಗೇಡ್ ಒಂದು ಎಫ್-16 ಅನ್ನೂ ಉರುಳಿಸಿತು. ಅದರ ಪೈಲಟ್ ಡೇವಿಡ್ ಗೋಲ್ಡ್‌ಫೈನ್ ಮುಂದೆ ಅಮೆರಿಕ ವಾಯುಪಡೆಯ ಮುಖ್ಯಸ್ಥರಾದರು. ಎರಡು ಘಟನೆಗಳ ಹೆಸರು, ತಾರೀಖು ಅದಲು ಬದಲಾಗುವುದು ಸುಲಭ, ಜೋಪಾನ.

ಡಾನಿ ಸೇನೆ ಬಿಟ್ಟ ಮೇಲೆ ಬೇಕರಿ ಇಟ್ಟರು. 2011ರಲ್ಲಿ ಪೈಲಟ್ ಜೆಲ್ಕೊ ಡಾನಿಯವರನ್ನು ನೋಡಲು ಸರ್ಬಿಯಾಕ್ಕೇ (ಆಗಿನ ಯುಗೊಸ್ಲಾವಿಯಾದ ಭಾಗ) ಹೋದರು.